ಗೋಡೆಯ ತೂತಿನ ಗೃಹಿಣಿಯರು

ಜೇನು ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಹುಟ್ಟು, ತುಪ್ಪ ಮತ್ತು ಕಡಿತ. ಆಲದ ಕೊಂಬೆಗೆ ಜೋತುಬಿದ್ದ ಹೆಜ್ಜೇನಿನ ಕರಿಯ ಹುಟ್ಟನ್ನು ಕಂಡು ದಾರಿ ಬದಲಿಸದ ದನಗಾಹಿಯಿಲ್ಲ. ಬೇಲಿಯ ಕಂಟಿಯಲ್ಲಿ ಅಂಗೈಯಗಲದ ಕೋಲ್ಜೇನನ್ನು ಕಂಡು ಬಾಯಲ್ಲಿ ನೀರೂರದ ಹುಡುಗನಿಲ್ಲ. ಒಬ್ಬಳು ರಾಣಿ, ಸಾವಿರಾರು ದುಡಿಯುವ ಹೆಣ್ಣುಗಳು, ದುಡಿಮೆಯಿಲ್ಲದ ಕೆಲವು ಗಂಡುಗಳು ಎಂಬ ಪಾಠವನ್ನು ಅಧ್ಯಾಪಕರಾದ ನಾವೆಲ್ಲರೂ ಹೇಳುತ್ತ ಬಂದಿದ್ದೇವೆ. ಪಾಠ ಸುಳ್ಳಲ್ಲ, ಆದರೆ ಅದು ಜೇನುಕುಲದ ಒಂದು ಸಣ್ಣ ಮನೆತನದ ಕಥೆ ಮಾತ್ರ. ವಿಜ್ಞಾನಿಗಳು ಇದುವರೆಗೆ ಗುರುತಿಸಿ ಹೆಸರಿಟ್ಟಿರುವ ಜೇನುಕುಲದ ಕೀಟಗಳ ಪ್ರಭೇದಗಳು ೨೦,೦೦೦ಕ್ಕೂ ಮಿಕ್ಕಿವೆ. ಅವುಗಳಲ್ಲಿ ಬಹುಪಾಲಿನವಕ್ಕೆ ರಾಣಿಯಿಲ್ಲ, ಸೈನ್ಯವಿಲ್ಲ, ನಮಗೆ ಕೊಡಲು ತುಪ್ಪವಿಲ್ಲ, ನಮ್ಮನ್ನು ಅಟ್ಟಿಸಿಕೊಂಡು ಬರುವ ಸಿಟ್ಟೂ ಇಲ್ಲ. ಪ್ರತಿಯೊಂದು ಹೆಣ್ಣೂ ತಾನೇ ಮನೆ ಹುಡುಕಿ, ತಾನೇ ಕಟ್ಟಿ, ತಾನೇ ದುಡಿದು, ತನ್ನ ಸಂಸಾರವನ್ನು ತಾನೊಬ್ಬಳೇ ಸಾಗಿಸುತ್ತದೆ. ನಮ್ಮ ಅಕ್ಕಲಕೋಟೆ ತಾಲೂಕಿನ ಹಳ್ಳಿಗಳಲ್ಲಿ ಇವುಗಳಲ್ಲಿ ದೊಡ್ಡವನ್ನು ಗುಂಗಿ ಹುಳವೆನ್ನುತ್ತೇವೆ; ಸಣ್ಣವಕ್ಕೆ ಹೆಸರೇ ಇಟ್ಟಿಲ್ಲ. ಈ ಲೇಖನದ ಮಟ್ಟಿಗೆ ಎಲ್ಲವನ್ನೂ ಒಂಟಿದುಂಬಿಗಳು ಎಂದು ಕರೆಯೋಣ.

ಒಂಟಿದುಂಬಿಯ ಬಾಳುವೆ ಹೀಗಿದೆ. ಗೂಡಿನಿಂದ ಹೊರಬಿದ್ದು ಗಂಡಿನೊಡನೆ ಕೂಡಿದ ಬಳಿಕ ಹೆಣ್ಣು ಯಾರ ನೆರವಿಗೂ ಕಾಯುವುದಿಲ್ಲ. ಕಿರುಬೆರಳೂ ತೂರದ ತೂತೊಂದನ್ನು ಹುಡುಕಿ, ಅದರೊಳಗೆ ಹೂವಿನ ಪರಾಗವನ್ನೂ ಮಕರಂದವನ್ನೂ ತಂದು ಕಲಸಿ ಒಂದು ಬುತ್ತಿಯನ್ನು ಕಟ್ಟುತ್ತದೆ. ಒಂದು ಬುತ್ತಿಗೆ ಎಷ್ಟೋ ಸಾರಿ ಹೂವಿಗೂ ಗೂಡಿಗೂ ಅಲೆಯಬೇಕು. ಬುತ್ತಿ ಸಾಕಷ್ಟಾಯಿತೆಂದು ತೋರಿದಾಗ ಅದರ ಮೇಲೆ ಒಂದೇ ಒಂದು ಮೊಟ್ಟೆಯಿಟ್ಟು, ಅಡ್ಡಗೋಡೆ ಹಾಕಿ, ಮುಂದಿನ ಕೋಣೆಗೆ ತೊಡಗುತ್ತದೆ. ಹೀಗೆ ಒಂದರ ಮುಂದೊಂದು ಕೋಣೆಗಳಾಗಿ ತೂತು ತುಂಬಿದಾಗ ಹೊರಬಾಗಿಲನ್ನು ಭದ್ರವಾಗಿ ಮುಚ್ಚಿ ಹೊರಟುಹೋಗುತ್ತದೆ. ಒಳಗೆ ಮೊಟ್ಟೆಯೊಡೆದ ಮರಿಹುಳು ತಾಯಿ ಕಟ್ಟಿಟ್ಟ ಬುತ್ತಿಯನ್ನು ಉಂಡು, ಕೋಶವಾಗಿ, ರೆಕ್ಕೆ ಬಂದ ಮೇಲೆ ಬಾಗಿಲೊಡೆದು ಹೊರಬರುತ್ತದೆ. ಆ ಹೊತ್ತಿಗೆ ತಾಯಿ ಬಹುಮಟ್ಟಿಗೆ ಬದುಕಿರುವುದಿಲ್ಲ. ಮಕ್ಕಳ ಮುಖವನ್ನೇ ಕಾಣದೆ ಅವುಗಳಿಗಾಗಿ ಬುತ್ತಿ ಕಟ್ಟುವ ಈ ತಾಯ್ತನವನ್ನು ಕುರಿತು ನಮ್ಮ ಭಾಷೆಯಲ್ಲಿ ಒಂದು ಕವಿತೆ ಏಕೆ ಹುಟ್ಟಲಿಲ್ಲವೋ ತಿಳಿಯದು.

ಕವಿಗಳು ದುಂಬಿಯನ್ನು ಮರೆತವರಲ್ಲ. ಗಟ್ಟಿ ಮರವನ್ನೇ ಕೊರೆಯಬಲ್ಲ ಭ್ರಮರವು ಸಂಜೆ ಮುಚ್ಚಿದ ತಾವರೆಯ ಮೆತ್ತನೆಯ ಎಸಳನ್ನು ಕೊರೆಯಲಾರದೆ ಒಲವಿನಿಂದ ಸೆರೆಯಾಗುತ್ತದೆ ಎಂಬ ಕಲ್ಪನೆಯನ್ನು ಸಂಸ್ಕೃತ ಬಲ್ಲವರೆಲ್ಲ ಕೇಳಿದ್ದಾರೆ. ತಾವರೆಯ ಮಾತು ಹಾಗಿರಲಿ, ಮರ ಕೊರೆಯುವ ಮಾತು ಕಣ್ಣಾರೆ ಕಂಡು ಹೇಳಿದ್ದೇ ಸರಿ. ಅದು ನಮ್ಮ ಗುಂಗಿ ಹುಳವೇ. ಕೀಟ-ಭ್ರಮರ ನ್ಯಾಯವೆಂಬ ಇನ್ನೊಂದು ಮಾತೂ ಉಂಟು: ದುಂಬಿಯು ಹುಳವನ್ನು ಗೂಡಿನಲ್ಲಿ ಕೂಡಿಹಾಕಿ ಝೇಂಕರಿಸುತ್ತಿದ್ದರೆ ಆ ಹುಳ ದುಂಬಿಯನ್ನೇ ಧ್ಯಾನಿಸುತ್ತ ದುಂಬಿಯಾಗುವುದಂತೆ. ಇಲ್ಲಿ ಮಾತ್ರ ಕಂಡದ್ದು ಬೇರೆ, ಅರ್ಥಮಾಡಿಕೊಂಡದ್ದು ಬೇರೆ. ಮಣ್ಣಿನ ಗೂಡಿಗೆ ಹುಳವನ್ನು ಒಯ್ಯುವುದು ದುಂಬಿಯಲ್ಲ, ಕಣಜದ ಜಾತಿಯ ಒಂಟಿ ಕೀಟ. ಕುಟುಕಿ ನಿಶ್ಚೇಷ್ಟಗೊಳಿಸಿದ ಹುಳ ಅದರ ಮರಿಗೆ ಆಹಾರ. ಕೊನೆಗೆ ಹೊರಬರುವುದು ಆ ಮರಿಯೇ ಹೊರತು ಬದಲಾದ ಹುಳವಲ್ಲ. ಆಧ್ಯಾತ್ಮಕ್ಕೆ ದೃಷ್ಟಾಂತ ಬೇಕಾದವರು ಅದನ್ನು ಧಾರಾಳವಾಗಿ ಬಳಸಲಿ, ನಮ್ಮ ಅಡ್ಡಿಯಿಲ್ಲ. ಆದರೆ ಒಂಟಿದುಂಬಿ ಮಾಂಸಾಹಾರಿಯಲ್ಲ. ಅದರ ಮನೆಯಲ್ಲಿ ಪರಾಗದ ಬುತ್ತಿಯೇ ಹೊರತು ಹುಳವಿಲ್ಲ.

ನಮ್ಮ ಮನೆಗಳ ಸುತ್ತ ಸುಲಭವಾಗಿ ಕಾಣಸಿಗುವ ಒಂಟಿದುಂಬಿಗಳು ಮೂರು ಬಗೆಯವು.

ಮೊದಲನೆಯದು ಎಲೆಕತ್ತರಿ ದುಂಬಿ. ಗುಲಾಬಿ ಗಿಡ ಬೆಳೆಸಿದ ತಾಯಂದಿರಿಗೆ ಇದರ ಕೈಚಳಕ ಪರಿಚಿತ. ಎಲೆಯ ಅಂಚಿನಲ್ಲಿ ಬಳೆಯ ತುಂಡಿಟ್ಟು ಕತ್ತರಿಸಿದಂತೆ ನುಣುಪಾದ ಅರೆಗುಂಡು ತೂತುಗಳು ಕಂಡರೆ ಗಿಡಕ್ಕೆ ರೋಗ ತಗಲಿತೆಂದು ಔಷಧಿ ಸಿಂಪಡಿಸಲು ಓಡಬೇಡಿರಿ. ದುಂಬಿ ಎಲೆಯನ್ನು ತಿಂದಿಲ್ಲ. ತನ್ನ ಕೋಣೆಗೆ ಹಾಸಲು, ಹೊದಿಸಲು ಒಯ್ದಿದೆ. ಗೋಡೆಗೆ ಉದ್ದನೆಯ ತುಂಡು, ಮುಚ್ಚಳಕ್ಕೆ ದುಂಡನೆಯ ತುಂಡು ಎಂದು ಅದರಲ್ಲೂ ಲೆಕ್ಕವುಂಟು. ನಾಲ್ಕು ಎಲೆ ಹೋದರೆ ಗುಲಾಬಿ ಸಾಯುವುದಿಲ್ಲ. ಇದೇ ಬಳಗದ ಇನ್ನು ಕೆಲವು ಎಲೆಯ ಬದಲು ಹಸಿಮಣ್ಣನ್ನೋ ಮರದ ಅಂಟನ್ನೋ ಬಳಸುತ್ತವೆ. ಇವೆಲ್ಲ ಪರಾಗವನ್ನು ಕಾಲಿಗೆ ಅಂಟಿಸಿಕೊಳ್ಳದೆ ಹೊಟ್ಟೆಯ ಕೆಳಗಿನ ಕುಂಚದಂಥ ಕೂದಲಲ್ಲಿ ಒಣಪುಡಿಯಾಗಿಯೇ ಹೊರುವುದರಿಂದ ಹೂವಿನಿಂದ ಹೂವಿಗೆ ಸಾಕಷ್ಟು ಉದುರಿಸುತ್ತ ಹೋಗುತ್ತವೆ. ಹೂವಿಗೆ ಬೇಕಾದದ್ದೂ ಅದೇ.

ಎರಡನೆಯದು ಗುಂಗಿ ಹುಳ, ಅಂದರೆ ಬಡಿಗ ದುಂಬಿ. ಹೆಬ್ಬೆರಳ ತುದಿಯಷ್ಟು ದಪ್ಪ, ಮಿರುಗುವ ಕಪ್ಪು ಮೈ, ನೀಲಿ ಹೊಳೆವ ರೆಕ್ಕೆ, ಎದೆ ನಡುಗಿಸುವ ಸದ್ದು. ಮಾಳಿಗೆಯ ಜಂತಿಯನ್ನೋ ಒಣಗಿದ ಬಿದಿರನ್ನೋ ಕೊರೆದು ಒಳಸೇರುತ್ತದೆ. ಕೆಳಗೆ ಉದುರಿದ ಮರದ ಹಿಟ್ಟು ಅದರ ಗುರುತು. ಎಕ್ಕದ ಹೂವಿಗೆ ಇದೇ ಮುಖ್ಯ ಬಂಧು. ಮಾರುತಿಗೆ ಎಕ್ಕದ ಮಾಲೆ ಹಾಕುವವರೆಲ್ಲ ಈ ಕರಿಯನಿಗೆ ಋಣಿಗಳು. ನುಗ್ಗೆಗೂ ಸಣಬಿಗೂ ಇದು ಬೇಕು.

ಮೂರನೆಯದು ನೀಲಿಪಟ್ಟೆ ದುಂಬಿ. ನಮಗೆ ಇದರ ಮೇಲೆ ವಿಶೇಷ ಮಮತೆ. ಕಪ್ಪು ಹೊಟ್ಟೆಯ ಮೇಲೆ ತಿಳಿನೀಲಿಯ ಪಟ್ಟಿಗಳು, ಇಳಕಲ್ಲ ಸೀರೆಯ ದಡಿಯಂತೆ. ಒಂದು ಕಡೆ ನಿಂತು ನೋಡಗೊಡುವ ಪ್ರಾಣಿಯಲ್ಲ. ತುಳಸಿಯ ಕದಿರಿನ ಮುಂದೆ ಗಾಳಿಯಲ್ಲಿ ಕ್ಷಣ ನಿಂತು, ಉದ್ದ ನಾಲಗೆ ಚಾಚಿ, ಮರುಕ್ಷಣ ಮಾಯ. ತುಳಸಿಕಟ್ಟೆಯ ಹತ್ತಿರ ಹೊತ್ತೇರುವಾಗ ಕುಳಿತವರಿಗೆ ದರ್ಶನ ಖಂಡಿತ. ಇದರ ಗಂಡುಗಳಿಗೆ ಮನೆಯಿಲ್ಲ. ಸಂಜೆಯಾದೊಡನೆ ಒಣಗಿದ ಹುಲ್ಲುಕಡ್ಡಿಯೊಂದನ್ನು ಹಲ್ಲಿನಿಂದ ಕಚ್ಚಿ ಹಿಡಿದು ಸಾಲಾಗಿ ತೂಗಾಡುತ್ತ ರಾತ್ರಿ ಕಳೆಯುತ್ತವೆ. ಹೆಣ್ಣು ಮಾತ್ರ ಮಣ್ಣಿನಲ್ಲಿ ಬಿಲ ತೋಡುತ್ತದೆ. ಅದಕ್ಕೆ ಬಿರುಕಿಲ್ಲದ, ಮಳೆ ಬೀಳದ, ಒಣ ಮಣ್ಣು ಬೇಕು. ನಮ್ಮ ಎರೆಹೊಲ ಬೇಸಿಗೆಯಲ್ಲಿ ಬಾಯಿ ಬಿಡುವ ಮಣ್ಣು. ಆದ್ದರಿಂದ ಈ ಬಡವೆಗೆ ಒದಗಿಬಂದದ್ದು ನಮ್ಮ ಹಳೆಯ ಮನೆಗಳ ಮಣ್ಣುಗೋಡೆ, ಊರ ಹುಡೇವು, ಹಗೇವಿನ ಬಾಯಿ, ಹಳ್ಳದ ದಂಡೆ.

ಇವುಗಳಿಂದ ನಮಗೇನು ಲಾಭ ಎಂದು ಕೇಳುವವರಿಗೆ ಒಂದು ಬದನೆಯ ಹೂವನ್ನು ಕೈಗೆತ್ತಿಕೊಳ್ಳಲು ಹೇಳುತ್ತೇವೆ. ನಡುವೆ ಹಳದಿಯ ಕೇಸರಗಳ ಕೂಟವಿದೆ. ಬೇರೆ ಹೂಗಳಲ್ಲಿ ಪರಾಗ ಹೊರಗೇ ಮೆತ್ತಿಕೊಂಡಿರುತ್ತದೆ. ಬದನೆ, ಟೊಮೆಟೊ ಹೂಗಳಲ್ಲಾದರೋ ಅದು ಕೇಸರದ ಕೊಳವೆಯೊಳಗೆ ಅಡಗಿ, ತುದಿಯ ಕಿಂಡಿಯಿಂದ ಮಾತ್ರ ಹೊರಬರಬೇಕು, ಉಪ್ಪಿನ ಡಬ್ಬಿಯಿಂದ ಉಪ್ಪು ಬಂದಂತೆ. ಡಬ್ಬಿಯನ್ನು ಅಲ್ಲಾಡಿಸುವವರು ಬೇಕು. ಗಾಳಿ ಒಂದಿಷ್ಟು ಅಲ್ಲಾಡಿಸುತ್ತದೆ. ತುಪ್ಪ ಕೊಡುವ ಜೇನುಗಳಿಗೆ ಈ ವಿದ್ಯೆ ಬಾರದು. ನೀಲಿಪಟ್ಟೆ ದುಂಬಿಯೂ ಗುಂಗಿ ಹುಳವೂ ಹೂವನ್ನು ಅಪ್ಪಿ ಹಿಡಿದು, ರೆಕ್ಕೆಯನ್ನು ಬಡಿಯದೆ, ರೆಕ್ಕೆಯ ಸ್ನಾಯುಗಳನ್ನು ಮಾತ್ರ ಅದುರಿಸುತ್ತವೆ. ಹೂವೆಲ್ಲ ನಡುಗಿ ಪರಾಗ ಹೊಗೆಯಂತೆ ಹೊರಚಿಮ್ಮುತ್ತದೆ. ಕಿವಿಗೊಟ್ಟರೆ ಹಾರುವಾಗಿನ ಸದ್ದಿಗಿಂತ ಏರಿದ ದನಿಯೊಂದು ತುಂಡುತುಂಡಾಗಿ ಕೇಳುತ್ತದೆ. ಒಮ್ಮೆ ಗುರುತಿಸಿದ ಮೇಲೆ ಆ ದನಿ ಮರೆಯುವಂಥದಲ್ಲ.

ತೊಗರಿಯ ಮಾತು ಸ್ವಲ್ಪ ಬೇರೆ. ನಮ್ಮ ಸೊಲ್ಲಾಪುರ, ಜತ್ತ, ಅಕ್ಕಲಕೋಟೆಯ ಒಕ್ಕಲುತನವೆಲ್ಲ ತೊಗರಿ ಜೋಳಗಳನ್ನು ನಂಬಿದ್ದು. ತೊಗರಿಯ ಹೂ ಅರಳುವ ಮೊದಲೇ ಮೊಗ್ಗಿನೊಳಗೆ ತನ್ನ ಪರಾಗವನ್ನು ತಾನೇ ಪಡೆಯಬಲ್ಲದು. ದುಂಬಿ ಬಾರದಿದ್ದರೆ ಬೇಳೆಯೇ ಇಲ್ಲವೆಂದು ಹೆದರಿಸುವುದು ಸರಿಯಲ್ಲ. ಆದರೆ ಒಂದು ಗಿಡದ ಪರಾಗ ಇನ್ನೊಂದಕ್ಕೆ ತಲಪಬೇಕಾದರೆ ಎಲೆಕತ್ತರಿಯ ಬಳಗವೂ ಹೆಜ್ಜೇನೂ ಬೇಕು. ತೊಗರಿ ಹೂವಿನ ತಳದ ಎಸಳು ದೋಣಿಯಂತೆ ಮುಚ್ಚಿರುತ್ತದೆ. ಭಾರವುಳ್ಳ ದುಂಬಿ ಬಂದು ಕುಳಿತು ಒತ್ತಿದಾಗಲೇ ಒಳಗಿನ ಕೇಸರ ಹೊರಬಂದು ಅದರ ಹೊಟ್ಟೆಗೆ ತಾಗುವುದು. ಹೈದರಾಬಾದಿನ ಹತ್ತಿರ ಪಟನ್‌ಚೆರುವಿನಲ್ಲಿ ೧೯೭೨ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ತೊಗರಿಯ ಸಂಕರ ತಳಿಗಳನ್ನು ರೂಪಿಸಿದರು. ಐಸಿಪಿಎಚ್ ೨೬೭೧ ಎಂಬ ತಳಿ ೨೦೧೦ರಲ್ಲಿ ಬಿಡುಗಡೆಯಾಯಿತು. ಅಂಥ ಬೀಜೋತ್ಪಾದನೆಯ ಹೊಲದಲ್ಲಿ ಗಂಡುಸಾಲಿನಿಂದ ಹೆಣ್ಣುಸಾಲಿಗೆ ಪರಾಗ ಒಯ್ಯುವ ಕೆಲಸ ಈ ಕೀಟಗಳದೇ. ಕೂಲಿಯಾಳು ಹಚ್ಚಿ ಮಾಡಿಸುವ ಕೆಲಸವಲ್ಲ ಅದು.

ಹೀಗಿರುವಾಗ ಇವುಗಳಿಗೆ ಇಂದು ಬಂದಿರುವ ಕಷ್ಟ ಹೂವಿನದಕ್ಕಿಂತ ಹೆಚ್ಚಾಗಿ ಮನೆಯದು. ಮಣ್ಣಿನ ಮಾಳಿಗೆಗಳು ಒಂದೊಂದಾಗಿ ಇಳಿದು ಸಿಮೆಂಟಿನ ಮನೆಗಳು ಏಳುತ್ತಿವೆ. ಘರಕುಲ ಯೋಜನೆಯಲ್ಲಿ ಬಡವರಿಗೂ ಸೋರದ ಸೂರು ಒದಗುತ್ತಿದೆ. ಮಳೆಗಾಲದಲ್ಲಿ ರಾತ್ರಿಯೆಲ್ಲ ಪಾತ್ರೆಯಿಟ್ಟು ಕುಳಿತವರಿಗೆ ಅದರ ಬೆಲೆ ಗೊತ್ತು, ನಾವು ಅದನ್ನು ಹಳಿಯುವವರಲ್ಲ. ಆದರೆ ಗಿಲಾವು ಮಾಡಿದ ಸಿಮೆಂಟಿನ ಗೋಡೆಯಲ್ಲಿ ದುಂಬಿಗೆ ಒಂದು ತೂತೂ ಇಲ್ಲ. ಕಬ್ಬಿಣದ ಕಂಬಿ ಬಂದು ಮರದ ಜಂತಿ ಹೋಯಿತು. ತಂತಿಬೇಲಿ ಬಂದು ಕತ್ತಾಳೆಯ ಬೇಲಿ ಹೋಯಿತು. ತೊಗರಿಕಟ್ಟಿಗೆಯನ್ನು ಹೊಲದಲ್ಲೇ ಸುಡುವುದು ವಾಡಿಕೆಯಾಯಿತು. ನಾವು ಮನೆ ಬದಲಿಸಿದಾಗ ನಮ್ಮ ಗೋಡೆಯ ಬಾಡಿಗೆದಾರರಿಗೆ ನೋಟೀಸು ಕೊಟ್ಟವರು ಯಾರೂ ಇಲ್ಲ.

ಈ ಪ್ರಶ್ನೆಯನ್ನು ನಮ್ಮೆದುರು ಮೊದಲು ಎತ್ತಿದವರು ವಿಜ್ಞಾನಿಗಳಲ್ಲ. ನಮ್ಮ ಶಾಲೆಯ ಹಿಂಬದಿಯ ಮಣ್ಣಿನ ಆವಾರಗೋಡೆ ಮಳೆಗೆ ನೆನೆದು ವಾಲಿದ್ದರಿಂದ ಅದನ್ನು ಕೆಡವಿ ಸಿಮೆಂಟಿನ ಗೋಡೆ ಕಟ್ಟಬೇಕೆಂದು ಶಾಲಾ ಸಮಿತಿ ಕಳೆದ ವರ್ಷ ಠರಾವು ಮಾಡಿತು. ಗೋಡೆಯಾಚೆ ನಾಲ್ಕು ಗುಂಟೆಯಲ್ಲಿ ಕಾಯಿಪಲ್ಲೆ ಬೆಳೆದು ಸಂತೆಗೆ ಒಯ್ಯುವ ಅಜ್ಜಿಯೊಬ್ಬರು ಒಂದು ಮುಂಜಾನೆ ಬಂದರು.

"ಗುರುಗಳೆ, ಗ್ವಾಡಿ ಕೆಡವತಾರಂತಲ್ಲ, ಖರೆ ಏನ್ರಿ?"

"ಹೌದವ್ವ. ಮಕ್ಕಳ ಮೈಮ್ಯಾಲ ಬಿದ್ದರ ಏನು ಮಾಡೂದು?"

"ಕೆಡವರಿ, ಅದು ಛಲೋನs. ಖರೆ ಅದರಾಗಿನ ಹುಳಗೋಳು ಎಲ್ಲಿ ಹೋಗಬೇಕ್ರಿ? ನನ್ನ ಬದನಿ ಹೂವಿಗೆ ಜೋತುಬಿದ್ದು ಗುಂಯ್ ಅನ್ನೂವು ಅವs ಅದಾವ. ನಾ ದಿನಾ ನೋಡತೀನ್ರಿ."

ಶಾಲೆಯ ಮೆಟ್ಟಿಲು ಹತ್ತದ ಆ ತಾಯಿ ತನ್ನ ಕಣ್ಣಿನಿಂದಲೇ ಕಂಡುಕೊಂಡ ಸಂಗತಿ ಇದು. ಸಮಿತಿಯ ಸಭೆಯಲ್ಲಿ ಈ ಮಾತು ಬಂದಾಗ ತಂದೆಯೊಬ್ಬರು, ಮಕ್ಕಳಿಗೆ ಕಚ್ಚುವ ಹುಳವನ್ನು ಶಾಲೆಯಲ್ಲಿ ಸಾಕಬೇಕೇ ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಒಂಟಿದುಂಬಿಯ ಗಂಡಿಗೆ ಕೊಂಡಿಯಿಲ್ಲ. ಹೆಣ್ಣಿಗುಂಟು, ಆದರೆ ಹೆಜ್ಜೇನಿಗೆ ಕಾಯಬೇಕಾದ ತುಪ್ಪದ ಭಂಡಾರವಿದೆ, ಸತ್ತರೆ ತುಂಬಿಕೊಡುವ ಸಾವಿರಾರು ಸಂಗಾತಿಗಳಿವೆ. ಒಂಟಿದುಂಬಿ ಸತ್ತರೆ ಸಂಸಾರವೇ ಮುಗಿಯಿತು. ಆದ್ದರಿಂದ ಅದು ಜಗಳಕ್ಕೆ ನಿಲ್ಲದೆ ಹಾರಿಹೋಗುತ್ತದೆ. ಕೈಯಲ್ಲಿ ಹಿಡಿದು ಹಿಸುಕಿದರೆ ಮಾತ್ರ ಕುಟುಕೀತು. ಕಣಜಕ್ಕೂ ಇದಕ್ಕೂ ಇರುವ ಭೇದವನ್ನು ಮಕ್ಕಳಿಗೆ ತೋರಿಸಿಕೊಡುವುದು ಶಾಲೆಯ ಕೆಲಸ. ಇಷ್ಟು ಹೇಳಿದ ಮೇಲೆ, ಗೋಡೆ ಕೆಡವುವ ಮೊದಲು ದುಂಬಿಗಳಿಗೆ ಬದಲಿ ಮನೆ ಮಾಡಿಕೊಡುವುದೆಂದು ಸಭೆ ಒಪ್ಪಿತು. ದೀಪಾವಳಿಯ ಸೂಟಿಯಿಂದ ಬಂದೊಡನೆ ಏಳನೆಯ ತರಗತಿಯ ಮಕ್ಕಳು ಕೆಲಸಕ್ಕೆ ತೊಡಗಿದರು.

ಇಲ್ಲಿ ನಮ್ಮದೇ ವೃತ್ತಿಯ ಮಹನೀಯರೊಬ್ಬರನ್ನು ನೆನೆಯದೆ ಮುಂದುವರಿಯಲಾರೆವು. ಫ್ರಾನ್ಸ್ ದೇಶದ ಝಾನ್ ಆನ್ರಿ ಫಾಬ್ರ್ (೧೮೨೩–೧೯೧೫) ಹತ್ತೊಂಬತ್ತನೆಯ ವಯಸ್ಸಿನಲ್ಲಿ, ೧೮೪೨ರಲ್ಲಿ, ಕಾರ್ಪಾಂತ್ರಾ ಎಂಬ ಊರಿನಲ್ಲಿ ಪ್ರಾಥಮಿಕ ಶಿಕ್ಷಕರಾದರು. ಹುಡುಗರಿಗೆ ಭೂಮಾಪನ ಕಲಿಸಲು ಬಯಲಿಗೆ ಕರೆದೊಯ್ದಾಗ, ಕೋಲು ಹಿಡಿದು ಓಡಬೇಕಾದ ಹುಡುಗ ನಡುವೆಯೇ ಬಗ್ಗಿ ಏನನ್ನೋ ಹುಡುಕುತ್ತಾನೆ. ಇನ್ನೊಬ್ಬ ಅಳತೆಯ ಗೂಟವನ್ನು ಮರೆತು ಕಲ್ಲೊಂದನ್ನು ಎತ್ತಿಕೊಳ್ಳುತ್ತಾನೆ. ವಿಚಾರಿಸಿದಾಗ ತಿಳಿಯಿತು: ಕಲ್ಲುಗಳ ಮೇಲೆ ಕರಿಯ ದುಂಬಿಯೊಂದು ಮಣ್ಣಿನ ಗೂಡು ಕಟ್ಟುತ್ತದೆ, ಹುಡುಗರು ಹುಲ್ಲುಕಡ್ಡಿಯಿಂದ ಅದರೊಳಗಿನ ಜೇನನ್ನು ಹೀರುತ್ತಾರೆ. ಗುರುಗಳೂ ಕಡ್ಡಿ ಹಿಡಿದು ಕುಳಿತರು! ಆ ದುಂಬಿಯ ವಿಷಯ ತಿಳಿಯಲು ಒಂದು ತಿಂಗಳ ಸಂಬಳವನ್ನೇ ಸುರಿದು ಕೀಟಗಳ ಗ್ರಂಥವೊಂದನ್ನು ಕೊಂಡರು. ಡಾರ್ವಿನ್ ಮೆಚ್ಚಿ ಕೊಂಡಾಡಿದ ವೀಕ್ಷಕರು ಅವರು. ಮುಂದೆ ಜೊಂಡಿನ ನಳಿಗೆಗಳನ್ನೂ ಗಾಜಿನ ಕೊಳವೆಗಳನ್ನೂ ಇಟ್ಟು ಒಂಟಿದುಂಬಿಗಳನ್ನು ತಮ್ಮ ಮನೆಗೇ ಕರೆಸಿಕೊಂಡು ಅಭ್ಯಾಸ ಮಾಡಿದರು. ತಾಯಿದುಂಬಿ ನಳಿಗೆಯ ಒಳತುದಿಯಲ್ಲಿ ಹೆಣ್ಣುಮಕ್ಕಳನ್ನೂ ಬಾಗಿಲ ಕಡೆಗೆ ಗಂಡುಮಕ್ಕಳನ್ನೂ ಇಡುತ್ತದೆ, ಇಕ್ಕಟ್ಟಾದ ಕೋಣೆ ಸಿಕ್ಕರೆ ಗಂಡುಮೊಟ್ಟೆಯನ್ನೇ ಇಡುತ್ತದೆ ಎಂದು ತೋರಿಸಿಕೊಟ್ಟರು. ಬಾಗಿಲ ಬಳಿಯ ಗಂಡುಗಳು ಮೊದಲು ಹೊರಬಿದ್ದು ಹೆಣ್ಣುಗಳಿಗಾಗಿ ಕಾಯುತ್ತವೆ. ಇದು ಬರೀ ಕುತೂಹಲದ ಮಾತಲ್ಲ. ದುಂಬಿಮನೆ ಮಾಡುವವರಿಗೆ ಇದೇ ಮೊದಲ ಸೂತ್ರ: ನಳಿಗೆ ಗಿಡ್ಡವಾದರೆ ಗಂಡುಗಳೇ ಹೆಚ್ಚಾಗಿ, ಮುಂದಿನ ವರ್ಷ ಮನೆ ಕಟ್ಟುವವರು ಇರುವುದಿಲ್ಲ. ಪಟ್ಟಣದ ಅಂಗಡಿಗಳಲ್ಲಿ ಚೆಲುವಾಗಿ ಬಣ್ಣ ಬಳಿದು ಮಾರುವ ಕೆಲವು ದುಂಬಿಮನೆಗಳ ಆಳ ನಾಲ್ಕು ಬೆರಳನ್ನೂ ದಾಟುವುದಿಲ್ಲ. ಅವು ನೋಡುವವರಿಗಾಗಿ ಮಾಡಿದವು.

ಈಗ ಮನೆ ಮಾಡುವ ವಿಧಾನ. ಒಣಗಿದ ಸಣ್ಣ ಬಿದಿರನ್ನು ತಂದು, ಪ್ರತಿ ನಳಿಗೆಗೂ ಒಂದು ಕಡೆ ಗಣ್ಣು ಉಳಿಯುವಂತೆ ೧೫ ಸೆಂಟಿಮೀಟರು ಉದ್ದಕ್ಕೆ ಸಣ್ಣಹಲ್ಲಿನ ಗರಗಸದಿಂದ ಕೊಯ್ಯಬೇಕು. ಗಣ್ಣಿನ ಕಡೆ ಮುಚ್ಚಿರುತ್ತದೆ. ಇನ್ನೊಂದು ಕಡೆ ಬಾಗಿಲು. ಎರಡು ಕಡೆಯೂ ತೆರೆದ ನಳಿಗೆಯಲ್ಲಿ ಗಾಳಿಯಾಡುವುದರಿಂದ ದುಂಬಿ ನಿಲ್ಲುವುದಿಲ್ಲ. ಅಂಥದಿದ್ದರೆ ಹಿಂಬದಿಗೆ ಮಣ್ಣು ಮೆತ್ತಿರಿ. ಒಳಗಿನ ಅಗಲ ೪ ಮಿಲಿಮೀಟರಿನಿಂದ ೧೦ ಮಿಲಿಮೀಟರಿನವರೆಗೆ ಬೇರೆ ಬೇರೆ ಇರಲಿ, ಎಲ್ಲ ಗಾತ್ರದ ಬಾಡಿಗೆದಾರರೂ ಬರಲಿ. ಬಾಯಿಯ ಸಿಬಿರುಗಳನ್ನು ಉಜ್ಜಿ ನುಣುಪು ಮಾಡುವುದನ್ನು ಮರೆಯಬಾರದು, ರೆಕ್ಕೆ ಹರಿದ ದುಂಬಿಗೆ ಬದುಕಿಲ್ಲ. ಇಪ್ಪತ್ತು ಮೂವತ್ತು ನಳಿಗೆಗಳನ್ನು ಒಟ್ಟಿಗೆ ಬಿಗಿದು, ತಳ ಒಡೆದ ಹಳೆಯ ಕೊಡದಲ್ಲೋ ಎಣ್ಣೆಯ ಡಬ್ಬಿಯಲ್ಲೋ ಅಡ್ಡವಾಗಿ ಕೂಡಿಸಿದರೆ ಮಾಡೂ ಆಯಿತು. ಮಳೆ ಒಳಗೆ ಹೊಡೆಯದಂತೆ ಅಂಚು ನಾಲ್ಕು ಬೆರಳು ಮುಂದೆ ಚಾಚಿರಬೇಕು. ಕಾಸರಗೋಡು, ವಯನಾಡಿನ ಓದುಗರು ಎಂಟು ಬೆರಳೇ ಚಾಚಲಿ. ಅಲ್ಲಿನ ಆಷಾಢ ನಮ್ಮದರಂತಲ್ಲ.

ಬಿದಿರು ಸಿಗದ ಕಡೆ ಒಣಗಿದ ಜಾಲಿಯ ತುಂಡಿಗೆ ಬಡಿಗೇರರಿಂದ ೬, ೮ ಮಿಲಿಮೀಟರಿನ ತೂತುಗಳನ್ನು ಒಂದು ಗೇಣಿಗೆ ಸ್ವಲ್ಪ ಕಡಿಮೆ ಆಳಕ್ಕೆ ಹೊಡೆಸಬಹುದು. ಕೊಯ್ದ ತುದಿಯಲ್ಲಿ ಹೊಡೆದರೆ ಮರ ಸೀಳುತ್ತದೆ, ಪಕ್ಕದಲ್ಲಿ ಹೊಡೆಸಬೇಕು. ಬಣ್ಣ, ವಾರ್ನಿಸು, ಗೆದ್ದಲಿನ ಔಷಧಿ ಯಾವುದೂ ಬೇಡ. ಗಾಜು ಮತ್ತು ಪ್ಲಾಸ್ಟಿಕ್ ಕೊಳವೆಗಳಲ್ಲಿ ನೀರು ಬೆವರಿ ಬುತ್ತಿಗೆ ಬೂಷ್ಟು ಹಿಡಿಯುತ್ತದೆ. ಫಾಬ್ರ್ ಅವರು ನೋಡುವುದಕ್ಕಾಗಿ ಗಾಜು ಇಟ್ಟರು, ನಾವು ಇಡುವುದು ಬದುಕುವುದಕ್ಕಾಗಿ. ತಿರುಳಿರುವ ಒಣಕಡ್ಡಿಗಳ ಕಟ್ಟೊಂದನ್ನು ಪಕ್ಕದಲ್ಲಿ ಕಟ್ಟಿದರೆ ಇರುವೆಗಿಂತ ಅಷ್ಟೇನೂ ದೊಡ್ಡದಲ್ಲದ ಕಿರುದುಂಬಿಗಳು ತಿರುಳು ಕೊರೆದು ಒಳಸೇರುತ್ತವೆ. ಗುಂಗಿ ಹುಳಕ್ಕೆ ಒಣಗಿದ ಕತ್ತಾಳೆಯ ಹೂದಂಟನ್ನು ನೆಟ್ಟಗೆ ಕಟ್ಟಿಡಿರಿ. ಮನೆಯ ಜಂತಿಗೆ ಎಣ್ಣೆ ಅಥವಾ ಬಣ್ಣ ಬಳಿಯಿರಿ. ಮೆತ್ತನೆಯದು ಸಿಗುವಾಗ ಅದು ಗಟ್ಟಿಯಾದದ್ದಕ್ಕೆ ಹೋಗುವುದು ಕಡಿಮೆ.

ಕಟ್ಟನ್ನು ಎದೆಯ ಎತ್ತರದಲ್ಲಿ, ಮೂಡಣಕ್ಕೆ ಮುಖಮಾಡಿ, ಅಲುಗಾಡದಂತೆ ಭದ್ರವಾಗಿ ಕೂಡಿಸಬೇಕು. ಬೆಳಗಿನ ಬಿಸಿಲು ಬೀಳಲಿ. ನಮ್ಮ ಕಡೆಯ ವೈಶಾಖದ ಮಧ್ಯಾಹ್ನದ ಬಿಸಿಲಿಗೆ ಮಾತ್ರ ಬೇವಿನ ನೆರಳಿರಲಿ. ಇರುವೆ ಬಾರದಂತೆ ಆಧಾರದ ತಂತಿಗೆ ಗಾಡಿಯ ಕೀಲೆಣ್ಣೆ ಸವರಿರಿ. ಹತ್ತಿರದಲ್ಲೇ ಒಂದಿಷ್ಟು ಹಸಿಮಣ್ಣು, ಹಿತ್ತಲ ಬಚ್ಚಲುನೀರು ಹರಿಯುವ ಜಾಗ ಸಾಕು. ಹೂವಿಗೆ ತುಳಸಿ, ತುಂಬೆ, ನುಗ್ಗೆ, ತಂಗಡಿ, ಸಣಬು, ಸೂರ್ಯಕಾಂತಿ. ತುಳಸಿಯ ಕದಿರನ್ನು ಪೂರ್ತಿ ಚಿವುಟದೆ ಎರಡನ್ನು ಹೂವಿಗೆ ಬಿಟ್ಟರೆ ದೇವರೂ ಮುನಿಯಲಾರ.

ನೀಲಿಪಟ್ಟೆ ದುಂಬಿಗೆ ಬಿದಿರು ಬೇಡ, ಮಣ್ಣೇ ಬೇಕು. ಮಾಳಿಗೆಗೆ ಹಾಕುವ ಬಿಳಿಮಣ್ಣಿಗೆ ಸ್ವಲ್ಪ ಮರಳು ಬೆರೆಸಿ ಕಲಸಿ, ಇಟ್ಟಿಗೆಯ ಅಚ್ಚಿನಲ್ಲಿ ತುಂಬಿ, ಹಸಿಯಿರುವಾಗಲೇ ೮ ಮಿಲಿಮೀಟರಿನ ಕಡ್ಡಿಯಿಂದ ಅಲ್ಲಲ್ಲಿ ಎರಡು ಬೆರಳು ಆಳದ ಕುಳಿಗಳನ್ನು ಒತ್ತಬೇಕು. ಒಣಗಿದ ಮೇಲೆ ಉಗುರಿನಿಂದ ಕೆರೆದರೆ ಪುಡಿ ಉದುರಬೇಕು. ಉದುರದಿದ್ದರೆ ಮಣ್ಣು ಅತಿ ಗಟ್ಟಿಯಾಯಿತು, ದುಂಬಿಗೆ ತೋಡಲಾಗದು. ಸುಡಬಾರದು. ಕುಳಿ ಬರಿಯ ಆಮಂತ್ರಣ, ಮುಂದಿನ ಬಿಲವನ್ನು ಅದೇ ತೋಡಿಕೊಳ್ಳುತ್ತದೆ. ನೆಲದಲ್ಲಿ ಬಿಲ ತೋಡುವ ಬಳಗವೇ ಒಂಟಿದುಂಬಿಗಳಲ್ಲಿ ದೊಡ್ಡದು ಎಂಬುದನ್ನೂ ನೆನಪಿಡಬೇಕು. ಅಂಗಳದ ಒಂದು ಮೂಲೆಯನ್ನಾದರೂ ಫರಸಿಯಿಲ್ಲದೆ ಬಿಡುವುದು ಎಲ್ಲಕ್ಕಿಂತ ಅಗ್ಗದ ದುಂಬಿಮನೆ.

ಮುಚ್ಚಿದ ಬಾಗಿಲನ್ನು ನೋಡಿ ಒಳಗಿರುವವರನ್ನು ಗುರುತಿಸುವುದು ಮಕ್ಕಳಿಗೆ ಒಳ್ಳೆಯ ಆಟ. ಎಲೆಯ ಮುಚ್ಚಳವಾದರೆ ಎಲೆಕತ್ತರಿ, ಮಣ್ಣು ಅಥವಾ ಅಂಟಾದರೆ ಅದರ ದಾಯಾದಿ. ಒಣಹುಲ್ಲು ತುರುಕಿದ್ದರೆ ಅದು ಒಂಟಿ ಕಣಜದ ಮನೆ. ಅದನ್ನೂ ಓಡಿಸಬೇಡಿರಿ, ನಮ್ಮ ಪಲ್ಲೆಯ ಹುಳಗಳನ್ನು ಹಿಡಿಯುವುದು ಅದರ ಬಳಗವೇ. ಹಸಿರುನೀಲಿಯಾಗಿ ರತ್ನದಂತೆ ಹೊಳೆಯುವ ಸಣ್ಣ ಕೀಟವೊಂದು ಬಾಗಿಲ ಬಳಿ ಸುಳಿದಾಡಿದರೆ ಅದರ ಚೆಲುವಿಗೆ ಮರುಳಾಗಬೇಡಿರಿ. ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವಂತೆ ಅದು ಇತರರ ಬುತ್ತಿಗೆ ತನ್ನ ಮೊಟ್ಟೆಯನ್ನು ಸೇರಿಸಲು ಬಂದಿದೆ. ಇಂಥ ಕಳ್ಳರು ಎಲ್ಲ ಊರಿನಲ್ಲೂ ಇರುತ್ತಾರೆ. ಒಂದೇ ಕಡೆ ನೂರಾರು ನಳಿಗೆ ಪೇರಿಸುವ ಬದಲು ಸಣ್ಣ ಕಟ್ಟುಗಳನ್ನು ದೂರ ದೂರ ಇಟ್ಟರೆ ಅವರ ಕಾಟ ಕಡಿಮೆ. ದುಂಬಿಗಳು ಹೊರಬಂದು ಖಾಲಿಯಾದ ನಳಿಗೆಗಳನ್ನು ವರ್ಷಕ್ಕೊಮ್ಮೆ ತೆಗೆದು ಹೊಸದನ್ನು ಹಾಕಬೇಕು. ಹಳೆಯದರಲ್ಲಿ ನುಸಿಯೂ ಬೂಷ್ಟೂ ಸೇರಿಕೊಳ್ಳುತ್ತವೆ.

ಅಮೆರಿಕದ ಒಕ್ಕಲಿಗರು ೧೯೬೦ರ ಸುಮಾರಿಗೇ ಕುದುರೆಮೇವಿನ ಸೊಪ್ಪಿನ ಬೀಜಕ್ಕಾಗಿ ಎಲೆಕತ್ತರಿ ದುಂಬಿಗಳನ್ನು ತೂತುಹಲಗೆಗಳಲ್ಲಿ ಸಾಕತೊಡಗಿದರು. ಜಪಾನಿನ ಸೇಬಿನ ತೋಟಗಳಲ್ಲಿ ಜೊಂಡಿನ ಕಟ್ಟುಗಳು ದಶಕಗಳಿಂದ ತೂಗುತ್ತಿವೆ. ಅಲ್ಲಿಯದನ್ನು ಇಲ್ಲಿಗೆ ತರಬೇಕಾಗಿಲ್ಲ, ನಮ್ಮ ದುಂಬಿಗಳು ನಮ್ಮಲ್ಲೇ ಇವೆ. ಒಂದು ಎಚ್ಚರಿಕೆ ಮಾತ್ರ. ಮನೆ ಕೊಟ್ಟು ವಿಷ ಉಣಿಸಿದರೆ ಮನೆ ಕೊಡದಿರುವುದೇ ಮೇಲು. ತೊಗರಿ ಹೂವಾಡುವ ಕಾಲದಲ್ಲಿ ಕಾಯಿಕೊರಕಕ್ಕೆ ಔಷಧಿ ಹೊಡೆಯಲೇಬೇಕಾದರೆ ಹೊತ್ತು ಮುಳುಗಿದ ಮೇಲೆ ಹೊಡೆಯಿರಿ. ಹಗಲಲ್ಲಿ ಹೊಡೆದ ಔಷಧಿಗೆ ಹುಳ ಯಾವುದು, ದುಂಬಿ ಯಾವುದು ಎಂಬ ವಿವೇಕವಿಲ್ಲ.

ನಮ್ಮ ಶಾಲೆಯ ಲೆಕ್ಕವನ್ನು ಮಕ್ಕಳು ಒಂದು ವಹಿಯಲ್ಲಿ ಬರೆದಿಡುತ್ತಿದ್ದಾರೆ. ಎಳ್ಳಮಾವಾಸ್ಯೆಯ ಹೊತ್ತಿಗೆ ನಾಲ್ಕು ನಳಿಗೆಗಳ ಬಾಯಿ ಎಲೆಯಿಂದ ಮುಚ್ಚಿತ್ತು. ಯುಗಾದಿಗೆ ಹನ್ನೊಂದಾಯಿತು, ಅವುಗಳಲ್ಲಿ ಮೂರಕ್ಕೆ ಮಣ್ಣಿನ ಮುಚ್ಚಳ. ಕತ್ತಾಳೆಯ ದಂಟಿನ ಕೆಳಗೆ ಹಿಟ್ಟು ಬಿದ್ದಿದೆ. ಬಿಳಿಮಣ್ಣಿನ ಇಟ್ಟಿಗೆಗಳಿಗೆ ಮಾತ್ರ ಇನ್ನೂ ಯಾರೂ ಬಂದಿಲ್ಲ. ಬದನೆಗೆ ಬೇಕಾದ ನೀಲಿಪಟ್ಟೆ ದುಂಬಿ ಇಂದಿಗೂ ಹಳೆಯ ಗೋಡೆಯ ಮೂಡಣ ತುದಿಯಲ್ಲೇ ಹೋಗಿಬರುತ್ತಿದೆ. ಇದನ್ನು ವಹಿಯ ಸಮೇತ ಸಮಿತಿಯ ಮುಂದಿಟ್ಟೆವು. ವಾಲಿದ ಭಾಗವನ್ನು ಬೇಸಿಗೆ ಸೂಟಿಯಲ್ಲಿ ಇಳಿಸುವುದು, ಗಟ್ಟಿಯಾಗಿ ನಿಂತಿರುವ ಮೂಡಣದ ಎಂಟು ಮೊಳವನ್ನು ಸೊಂಟದೆತ್ತರಕ್ಕೆ ತಗ್ಗಿಸಿ, ಮೇಲೆ ತಗಡು ಹೊದಿಸಿ, ಇಟ್ಟಿಗೆಗಳಿಗೆ ದುಂಬಿ ಬರುವವರೆಗೆ ಹಾಗೆಯೇ ಉಳಿಸುವುದು ಎಂದು ತೀರ್ಮಾನವಾಗಿದೆ. ಕಚ್ಚುವ ಹುಳದ ಪ್ರಶ್ನೆ ಕೇಳಿದ್ದ ತಂದೆಯೇ ತಗಡು ಕೊಡುವುದಾಗಿ ಹೇಳಿದ್ದಾರೆ. ಅಜ್ಜಿ ತಮ್ಮ ಬದನೆಯ ಮಡಿಯ ಪಕ್ಕದಲ್ಲಿಡಲು ಎರಡು ಇಟ್ಟಿಗೆಗಳನ್ನು ಕೇಳಿ ಒಯ್ದಿದ್ದಾರೆ.